ಹಳೇ ಸ್ಪೂನ್‌ಗಳಿಗೆ ಹೊಸ ಮೆರುಗು: ಸಾಲ್ಮನ್ ಗಾಳಕ್ಕೆ ಕಲಾಯಿ, ತಾಮ್ರ, ಬಣ್ಣ

ಸಾಲ್ಮನ್ ಹಿಡಿಯುವ ಸ್ಪೂನ್ ಅಂದರೆ ಹಿಡಿ ಇಲ್ಲದ ಚಮಚ. ಬಾಗಿದ ಒಂದು ಲೋಹದ ತುಂಡು. ಒಂದು ತುದಿಗೆ ದಾರ, ಇನ್ನೊಂದು ತುದಿಗೆ ಕೊಕ್ಕೆ. ನೀರಿನಲ್ಲಿ ಎಳೆದರೆ ಹೊರಳಾಡುತ್ತದೆ, ಮಿನುಗುತ್ತದೆ. ಯಾವುದೋ ಗಾಯಗೊಂಡ ಮರಿಮೀನು ಅಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ. ಅಮೆರಿಕದ ಜೂಲಿಯೋ ಬ್ಯುಯೆಲ್ 1852ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಆಮೇಲೆ ಆಕಾರ ಹೆಚ್ಚೇನೂ ಬದಲಾಗಿಲ್ಲ. ಬದಲಾಗುತ್ತಲೇ ಇರುವುದು ಮೇಲಿನ ಮೆರುಗು. ಸಿಯಾಟಲ್ ಸುತ್ತಮುತ್ತ ಯಾವ ಗಾಳದ ಅಂಗಡಿಗೆ ಹೋದರೂ ಒಂದು ಗೋಡೆ ಪೂರ್ತಿ ಸ್ಪೂನ್‌ಗಳೇ ನೇತಾಡುತ್ತಿರುತ್ತವೆ. ಬೆಳ್ಳಿ, ನಿಕಲ್, ಹಿತ್ತಾಳೆ, ತಾಮ್ರ, ಸುತ್ತಿಗೆ ಏಟಿನದು, ಕತ್ತಲಲ್ಲಿ ಹೊಳೆಯುವುದು, ಯುವಿ, ಅಂದರೆ ನೇರಳಾತೀತ ಬೆಳಕು, ಅಂತ ಬರೆದಿರುವುದು. ಯಾವುದು ಬೇಕು ಅಂತ ಕೇಳಿದರೆ ಅಂಗಡಿಯವರು ‘ಎಲ್ಲದರಲ್ಲೂ ಒಂದೊಂದು ತಗೊಳ್ಳಿ’ ಅನ್ನುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯೇ ಬಿಡಿ.

ನನಗೆ ಸಿಕ್ಕಿದ್ದು ಸ್ನೊಹೋಮಿಶ್ ಊರಿನ ಗರಾಜ್ ಸೇಲ್‌ನಲ್ಲಿ ಒಂದು ಹಳೇ ಗಾಳದ ಪೆಟ್ಟಿಗೆ. ಒಳಗೆ ಡಿಕ್ ನೈಟ್ ಅನ್ನುವ ಹೆಸರಿನ ಸಣ್ಣ ಸಣ್ಣ ಸ್ಪೂನ್‌ಗಳು, ಕ್ರೊಕೊಡೈಲ್ ಅನ್ನುವ ಹೆಸರಿನ ಉದ್ದನೆಯ ಸ್ಪೂನ್‌ಗಳು, ಹೆಸರೇ ಇಲ್ಲದ ದಪ್ಪ ಹಿತ್ತಾಳೆಯವು. ಅರ್ಧಕ್ಕರ್ಧ ಕಿಲುಬು ಹಿಡಿದಿದ್ದವು. ಕೆಲವಕ್ಕೆ ಬಣ್ಣ ಎದ್ದಿತ್ತು, ಕೆಲವಕ್ಕೆ ನಿಕಲ್ ಸಿಪ್ಪೆ ಬಿಟ್ಟಿತ್ತು. ಕೊಕ್ಕೆಗಳೆಲ್ಲ ತುಕ್ಕು. ಲೋಹ ಮಾತ್ರ ಗಟ್ಟಿ. ಎಲ್ಲಕ್ಕೂ ಹೊಸ ಮೆರುಗು ಕೊಡಬೇಕಾಗಿದ್ದರಿಂದ, ಯಾವ ಮೆರುಗು ಯಾವ ನೀರಿಗೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಲೇಬೇಕಾಯಿತು.

ನಾನು ಗಾಳ ಹಾಕುವ ನೀರು ಎರಡು ಥರದ್ದು. ಒಂದು, ಸ್ಕೈಕೋಮಿಶ್ ಮತ್ತು ಸ್ನೊಹೋಮಿಶ್ ನದಿಗಳು. ಅಲ್ಲಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೋಹೋ ಅನ್ನುವ ಜಾತಿಯ ಸಾಲ್ಮನ್ ಬರುತ್ತದೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ಅದಕ್ಕೂ ಮುಂಚೆ ಪಿಂಕ್ ಸಾಲ್ಮನ್ ದಂಡು ದಂಡಾಗಿ ಬರುತ್ತದೆ. ಇನ್ನೊಂದು, ಪ್ಯೂಜೆಟ್ ಸೌಂಡ್, ಅಂದರೆ ಒಳನಾಡಿಗೆ ಚಾಚಿಕೊಂಡ ಸಮುದ್ರದ ತೋಳು. ಅಲ್ಲಿ ಬೇಸಿಗೆಯಲ್ಲಿ ಗೆಳೆಯನ ದೋಣಿ ಹತ್ತಿ ಇನ್ನೊಂದು ಜಾತಿಯ ಸಾಲ್ಮನ್ ಆದ ಚಿನೂಕ್‌ಗೆ ಸ್ಪೂನ್ ಎಳೆಯುತ್ತೇವೆ. ನದಿಯಲ್ಲಿ ಮೀನು ನಿಲ್ಲುವುದು ಆಳೆತ್ತರದ ನೀರಿನಲ್ಲಿ. ಸಮುದ್ರದಲ್ಲಿ ಚಿನೂಕ್ ಬೇಕೆಂದರೆ ಎಷ್ಟೋ ಸಲ 30ರಿಂದ 50 ಮೀಟರ್ ಕೆಳಗೆ, ತಳದ ಹತ್ತಿರಕ್ಕೆ ಇಳಿಸಬೇಕು. ಈ ಎರಡಕ್ಕೂ ಒಂದೇ ಮೆರುಗು ಹೇಗೆ ಸರಿಹೋಗುತ್ತದೆ?

ಬಿಚ್ಚುವುದು, ತೊಳೆಯುವುದು

ಮೊದಲು ಉಂಗುರ, ಕೊಕ್ಕೆ ಎಲ್ಲ ಬಿಚ್ಚಿ ಎಸೆದೆ. ಆಮೇಲೆ ಅಯಸ್ಕಾಂತ ಹಿಡಿದೆ. ಗಟ್ಟಿಯಾಗಿ ಅಂಟಿಕೊಂಡರೆ ಒಳಗೆ ಉಕ್ಕು. ಹಿತ್ತಾಳೆ, ತಾಮ್ರ ಅಂಟುವುದಿಲ್ಲ. ಹಿತ್ತಾಳೆಯ ಮೇಲೆ ನಿಕಲ್ ಇದ್ದರೆ ಕೆಲವು ಸಲ ಸ್ವಲ್ಪವೇ ಸೆಳೆಯುತ್ತದೆ, ಯಾಕೆಂದರೆ ನಿಕಲ್‌ಗೂ ಅಯಸ್ಕಾಂತದ ಗುಣ ಇದೆ. ಉಕ್ಕಿನವನ್ನು ಬದಿಗಿಟ್ಟೆ. ಅವುಗಳ ಹಣೆಬರಹ ಬಣ್ಣವೇ.

ಹಳೇ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ. ಹಳೆಯ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಮೂಗಿಗೆ ಹೋಗಬಾರದು. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ನೆನೆಸಿದೆ. ಹೆಚ್ಚಿನವು ತಾವಾಗಿಯೇ ಸಿಪ್ಪೆ ಬಿಟ್ಟವು. ಉಳಿದದ್ದನ್ನು ನೀರು ಹಾಕಿಕೊಂಡೇ ಉಜ್ಜಿದೆ. ಹಿಂದೆ ಇದಕ್ಕೆಲ್ಲ ಮಿಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್ ಬಳಸುತ್ತಿದ್ದರು. 2019ರಿಂದ ಅಮೆರಿಕದಲ್ಲಿ ಮನೆಬಳಕೆಗೆ ಅದನ್ನು ಮಾರುವಂತಿಲ್ಲ. ಒಳ್ಳೇದೇ ಆಯಿತು, ಅದರ ಹೊಗೆಯಿಂದ ಜನ ಸತ್ತಿದ್ದಾರೆ.

ಕಿಲುಬಿಗೆ ಅಂಗಡಿಯ ಪಾಲಿಶ್ ತರುವ ಮುಂಚೆ ಊರಿಗೆ ಫೋನ್ ಮಾಡಿದೆ. ಅಮ್ಮ ನಕ್ಕರು. “ಹಿತ್ತಾಳೆ ತಾನೇ? ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕು. ರಾತ್ರಿಯೆಲ್ಲ ನೆನೆಹಾಕಿ ಮಲ್ಕೊಂಬಿಡ್ಬೇಡ ಕಣೋ, ಕೆಂಪಗಾಗತ್ತೆ.”

ಅಮ್ಮ ಹೇಳಿದ್ದಕ್ಕೆ ಕಾರಣ ಇದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಪದರದ ಸತು ಕರಗಿ ಹೋಗುತ್ತದೆ, ತಾಮ್ರ ಉಳಿದು ಗುಲಾಬಿ ಬಣ್ಣದ ಕಲೆ ಬೀಳುತ್ತದೆ. ವಿನಿಗರ್‌ನಲ್ಲಿ ನೆನೆಸಿದರೂ ಇದೇ ಕಥೆ. ಹಾಗಾಗಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಕೆಲವೇ ನಿಮಿಷದಲ್ಲಿ ತೊಳೆದು, ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಒರೆಸಿ ಒಣಗಿಸಿದೆ. ಆಮೇಲೆ 400, 800, 1500 ನಂಬರಿನ ಉಜ್ಜುಕಾಗದ, ಕೊನೆಗೆ ಬಟ್ಟೆಯ ಚಕ್ರ. ಕನ್ನಡಿಯಾಯಿತು.

ತೊಳೆದ ನೀರಿನ ಬಗ್ಗೆ ಒಂದು ಮಾತು. ಅದರಲ್ಲಿ ಕರಗಿದ ತಾಮ್ರ ಇರುತ್ತದೆ. ಇಲ್ಲಿ ರಸ್ತೆ ಬದಿಯ ಮಳೆನೀರಿನ ಮೋರಿ ನೇರ ಹಳ್ಳಕ್ಕೆ ಹೋಗುತ್ತದೆ, ಹಳ್ಳದಲ್ಲಿ ಸಾಲ್ಮನ್ ಮರಿ ಇರುತ್ತವೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಸಾಕು, ಅವುಗಳ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ. ಬ್ರೇಕ್ ಪ್ಯಾಡ್‌ನಿಂದ ಉದುರುವ ತಾಮ್ರ ಕಡಿಮೆ ಮಾಡಬೇಕೆಂದು ವಾಷಿಂಗ್ಟನ್ ರಾಜ್ಯ 2010ರಲ್ಲಿ ಕಾನೂನನ್ನೇ ತಂದಿತು. ಸಾಲ್ಮನ್ ಹಿಡಿಯುವ ಸ್ಪೂನ್ ತೊಳೆದು ಸಾಲ್ಮನ್ ಮರಿಗೆ ವಿಷ ಹಾಕುವುದು ಬೇಡ. ಆ ನೀರನ್ನು ಬಕೆಟ್‌ನಲ್ಲೇ ಹಿಡಿದಿಟ್ಟು, ಅಸಿಟೋನ್ ಕೆಸರಿನ ಜೊತೆಗೆ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟೆ.

ಬಲ್ಬ್ ಪರೀಕ್ಷೆ

ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಇದು. ಖರ್ಚೂ ಇಲ್ಲ. ಫೋನ್‌ನಿಂದ ಬಣ್ಣ ಬದಲಾಯಿಸುವ ಎಲ್‌ಇಡಿ ಬಲ್ಬ್ ಈಗ ಎಷ್ಟೋ ಮನೆಗಳಲ್ಲಿದೆ. ಕಿಟಕಿ ಇಲ್ಲದ ಬಚ್ಚಲುಮನೆಗೆ ಅದನ್ನು ಹಾಕಿ, ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ: ನಿಕಲ್ ಸ್ಪೂನ್, ಉಜ್ಜಿದ ಹಿತ್ತಾಳೆ, ಉಜ್ಜಿದ ತಾಮ್ರ, ಕಿಲುಬು ಬಿಡಿಸದ ತಾಮ್ರ, ಬಿಳಿ ಬಣ್ಣದ್ದು, ಫ್ಲೋರೊಸೆಂಟ್ ಕಿತ್ತಳೆ, ಷಾರ್ಟ್ರೂಸ್ ಅನ್ನುವ ಹಳದಿ ಹಸಿರು. ಹೋಲಿಕೆಗೆ ಅಸಲಿ ಬೆಳ್ಳಿ ಬೇಕಿತ್ತಲ್ಲ, ದೇವರ ಮನೆಯಿಂದ ಕುಂಕುಮದ ಬಟ್ಟಲು ಬಂತು. ಹೆಂಡತಿಯ ಒಪ್ಪಿಗೆ ತಗೊಂಡೇ.

ಕೆಂಪು ಬೆಳಕು ಹಾಕಿದರೆ ಬೆಳ್ಳಿ, ಹಿತ್ತಾಳೆ, ತಾಮ್ರ ಮೂರೂ ಹೆಚ್ಚುಕಡಿಮೆ ಒಂದೇ. ನಿಕಲ್ ಒಂದೇ ಮಂಕು. ಹಸಿರು ಹಾಕಿದರೆ ಬೆಳ್ಳಿ ಮುಂದೆ, ಹಿತ್ತಾಳೆ ಅದರ ಹಿಂದೆ, ತಾಮ್ರವೂ ನಿಕಲ್ಲೂ ಇನ್ನೂ ಹಿಂದೆ. ನೀಲಿಗೆ ಬಂದಾಗ ಬೆಳ್ಳಿ ಹಾಗೇ ಬೆಳಗುತ್ತಿತ್ತು. ಆದರೆ ಹೊಸದಾಗಿ ಉಜ್ಜಿದ ತಾಮ್ರವೂ ನಿಕಲ್ಲೂ ಸರಿಸಮ! ತಾಮ್ರ ನೀಲಿಯಲ್ಲಿ ಕಪ್ಪಾಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಪ್ಪಾಗಿದ್ದು ಕಿಲುಬು ಬಿಡಿಸದ ತಾಮ್ರ ಮಾತ್ರ.

ಲೆಕ್ಕ ನೋಡಿದರೂ ಇದು ಸರಿಹೋಗುತ್ತದೆ. ಬೆಳ್ಳಿ ತನ್ನ ಮೇಲೆ ಬಿದ್ದ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇಕಡಾ 95ಕ್ಕೂ ಜಾಸ್ತಿ ಮರಳಿಸುತ್ತದೆ, ಬಣ್ಣ ಯಾವುದಾದರೂ ಸರಿ. ನಿಕಲ್ ಸುಮಾರು 60ರ ಆಸುಪಾಸು, ಎಲ್ಲ ಬಣ್ಣಕ್ಕೂ. ತಾಮ್ರ ಕೆಂಪಿನಲ್ಲಿ 95ರ ಹತ್ತಿರ, ನೀಲಿಯಲ್ಲಿ ಅರ್ಧದಷ್ಟು. ಅಂದರೆ ಡಬ್ಬಿಯ ಮೇಲೆ ‘ಸಿಲ್ವರ್’ ಅಂತ ಬರೆದು ಒಳಗೆ ನಿಕಲ್ ಸ್ಪೂನ್ ಇಟ್ಟು ಮಾರುವುದಿದೆಯಲ್ಲ, ಅವೆರಡೂ ಒಂದೇ ಅಲ್ಲ. ನಿಜವಾದ ಬೆಳ್ಳಿ ಲೇಪದ ಸ್ಪೂನ್‌ಗೆ ಒಂದೆರಡು ಡಾಲರ್ ಜಾಸ್ತಿ ಕೇಳಿದರೆ ಅದಕ್ಕೆ ಅರ್ಥ ಇದೆ.

ಈಗ ಇದನ್ನು ನೀರಿಗೆ ಹಚ್ಚಿ ನೋಡಿ. ನೀರು ಮೊದಲು ನುಂಗುವುದು ಕೆಂಪನ್ನು. ತಿಳಿನೀರಿನಲ್ಲೂ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಡಿಮೆ ಮುಗಿದಿರುತ್ತದೆ. ನಡುಸಮುದ್ರದಲ್ಲಾದರೆ ನೀಲಿ ಎಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ. ಪ್ಯೂಜೆಟ್ ಸೌಂಡ್‌ನಲ್ಲಿ ಸಣ್ಣ ಪಾಚಿಗಳು ತುಂಬಿರುವುದರಿಂದ ನೀಲಿಯೂ ಸೋರಿಹೋಗಿ ಕೊನೆಗೆ ಉಳಿಯುವುದು ಹಸಿರು. ಅಲ್ಲಿ 40 ಮೀಟರ್ ಕೆಳಗೆ ಇಳಿಸಿದ ಕೆಂಪು ಪಟ್ಟಿಯ ಸ್ಪೂನ್ ಮೀನಿಗೆ ಕಪ್ಪು ಪಟ್ಟಿಯ ಸ್ಪೂನ್. ಕಪ್ಪು ಪಟ್ಟಿ ಕೆಟ್ಟದ್ದೇನಲ್ಲ, ಆದರೆ ಕೆಂಪು ಅಂತ ದುಡ್ಡು ಕೊಡಬೇಕಾಗಿಲ್ಲ.

ನದಿಯ ಕಥೆ ಬೇರೆ. ಮಳೆ ಬಿದ್ದು ಕೊಳೆತ ಎಲೆಯ ರಸ ಸೇರಿದ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಮೊದಲು ಸಾಯುವುದು ನೀಲಿ. ಉಳಿಯುವುದು ಹಳದಿ, ಕಿತ್ತಳೆ, ಕೆಂಪು. ಅಲ್ಲಿ ತಾಮ್ರವೂ ಹಿತ್ತಾಳೆಯೂ ಬೆಳ್ಳಿಗೆ ಸಮ. ಸಾಲ್ಮನ್‌ನ ಕಣ್ಣೂ ಇದಕ್ಕೆ ಹೊಂದಿಕೊಳ್ಳುತ್ತದೆ. ಸಮುದ್ರದಿಂದ ಸಿಹಿನೀರಿಗೆ ಬಂದು ಮೊಟ್ಟೆ ಇಡುವ ಕಾಲಕ್ಕೆ ಅವುಗಳ ಕಣ್ಣಿನ ಬಣ್ಣಕಗಳಲ್ಲಿ ಎ1 ವಿಟಮಿನ್ ಬದಲಿಗೆ ಎ2 ವಿಟಮಿನ್ ಜಾಸ್ತಿಯಾಗುತ್ತದೆ, ನೋಟ ಕೆಂಪಿನ ಕಡೆಗೆ ವಾಲುತ್ತದೆ. ನದಿಯ ಹಳೇ ಗಾಳಗಾರರು ತಾಮ್ರ, ಹಿತ್ತಾಳೆ ಬಿಡದೇ ಇರುವುದು ಸುಮ್ನೆ ಅಭ್ಯಾಸಬಲದಿಂದಲ್ಲ.

ಕನ್ನಡಿಯ ತೊಂದರೆ

ಇಷ್ಟು ಹೊತ್ತಿಗೆ ಎಲ್ಲದಕ್ಕೂ ಕನ್ನಡಿ ಹೊಳಪಿನ ಬೆಳ್ಳಿಯೇ ಇರಲಿ ಅನ್ನಿಸಿತ್ತು. ಆಗ ಇನ್ನೊಂದು ಪರೀಕ್ಷೆ ಮಾಡಿದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ಸುತ್ತ ಹಸಿರು ಬಟ್ಟೆ ಸುತ್ತಿ, ನೀರು ತುಂಬಿ, ಕನ್ನಡಿ ಹೊಳಪಿನ ಸ್ಪೂನ್ ಇಳಿಬಿಟ್ಟೆ. ಮೋಡ ಕವಿದ ಮಧ್ಯಾಹ್ನ. ಪಕ್ಕದಿಂದ ನೋಡಿದರೆ ಸ್ಪೂನ್ ಕಾಣುತ್ತಲೇ ಇರಲಿಲ್ಲ. ಸುತ್ತಲಿನ ಹಸಿರನ್ನೇ ತೋರಿಸುತ್ತಾ ಹಸಿರಿನಲ್ಲಿ ಕರಗಿಹೋಗಿತ್ತು. ತಿರುಗಿದಾಗ ಮಾತ್ರ ಮೇಲಿನ ಬೆಳಕು ಒಂದು ಕ್ಷಣ ಮಿಂಚುತ್ತಿತ್ತು.

ಯೋಚಿಸಿದರೆ ಸಾಲ್ಮನ್‌ಗೆ ಆಹಾರವಾಗುವ ಹೆರಿಂಗ್ ಮೀನು ಬೆಳ್ಳಿ ಬಣ್ಣಕ್ಕೆ ಇರುವುದೂ ಇದಕ್ಕೇ. ಅದರ ಮೈಪಕ್ಕದ ಹೊಳಪು ಗ್ವಾನಿನ್ ಅನ್ನುವ ಹರಳುಗಳಿಂದ ಬಂದದ್ದು. ಆ ಹರಳುಗಳು ಕನ್ನಡಿಯ ಕೆಲಸ ಮಾಡಿ ಮೀನನ್ನು ಅಡಗಿಸುತ್ತವೆ. ಮೀನಿಗೆ ಗಾಯವಾಗಿ ಮೈ ವಾಲಿದಾಗ ಆ ಕನ್ನಡಿ ಓರೆಯಾಗಿ ಮಿಂಚು ಹೊರಡುತ್ತದೆ, ಬೇಟೆಗಾರನಿಗೆ ಗೊತ್ತಾಗುತ್ತದೆ. ಸ್ಪೂನ್ ಮಾಡುವುದೂ ಅದೇ ನಟನೆ.

ಬಿಸಿಲಿದ್ದರೆ ಕನ್ನಡಿಗೆ ಮಿಂಚಿಸಲು ಸೂರ್ಯ ಇದ್ದಾನೆ. ಮೋಡವಿದ್ದರೆ, ಆಳವಿದ್ದರೆ, ಎಲ್ಲ ಕಡೆಯಿಂದಲೂ ಒಂದೇ ಥರದ ಮಂದ ಬೆಳಕು, ಕನ್ನಡಿಗೆ ತೋರಿಸಲು ನೀರು ಬಿಟ್ಟು ಇನ್ನೇನೂ ಇಲ್ಲ. ಅಲ್ಲಿ ಕನ್ನಡಿಯಲ್ಲದ ಮೇಲ್ಮೈ ಬೇಕು. ಬಿಳಿ ಬಣ್ಣ, ಫ್ಲೋರೊಸೆಂಟ್ ಬಣ್ಣ, ಇಲ್ಲವೇ ಹೊಳಪು ಕಡಿಮೆ ಇರುವ ಲೋಹ. ಹಾಗಾಗಿ ನನ್ನ ತೀರ್ಮಾನ ಇಷ್ಟು: ಪ್ರತಿ ಸ್ಪೂನ್‌ನಲ್ಲೂ ಒಂದು ಭಾಗ ಮಿಂಚಲಿ, ಇನ್ನೊಂದು ಭಾಗ ಕಾಣಲಿ. ಎರಡೂ ಮಿಂಚಿದರೆ ಅರ್ಧ ಹೊತ್ತು ಸ್ಪೂನ್ ಇಲ್ಲವೇ ಇಲ್ಲ.

ಅರ್ಧ ಕಲಾಯಿ

ಡಿಕ್ ನೈಟ್‌ಗಳಲ್ಲಿ ಈ ನದಿಗಳ ಕೋಹೋಗೆ ಹೆಸರಾದ ಮೆರುಗು ಅರ್ಧ ನಿಕಲ್, ಅರ್ಧ ಹಿತ್ತಾಳೆ. ‘ಫಿಫ್ಟಿ ಫಿಫ್ಟಿ’ ಅಂತಲೇ ಕೇಳಿ ತಗೊಳ್ಳುತ್ತಾರೆ. ನನ್ನ ಹಿತ್ತಾಳೆ ಸ್ಪೂನ್‌ಗಳಿಗೂ ಅದನ್ನೇ ಕೊಡೋಣ ಅನ್ನಿಸಿತು. ಆದರೆ ಅರ್ಧ ಬಿಳುಪು ಬರುವುದು ಹೇಗೆ?

ಬೆಳ್ಳಿ ಲೇಪಕ್ಕೆ ಕಾರ್ಖಾನೆಗಳಲ್ಲಿ ಸಯನೈಡ್ ದ್ರಾವಣ ಬಳಸುತ್ತಾರೆ. ಮನೆಯಲ್ಲಿ ಆ ಯೋಚನೆಯೇ ಬೇಡ. ನಿಕಲ್ ಲೇಪವನ್ನು ವಿನಿಗರ್, ನಿಕಲ್ ತುಂಡು, ಸಣ್ಣ ಬ್ಯಾಟರಿ ಇಟ್ಟು ಮನೆಯಲ್ಲೇ ಮಾಡುತ್ತಾರೆ. ಬರುತ್ತದೆ. ಆದರೆ ಉಳಿಯುವ ಹಸಿರು ದ್ರಾವಣ ವಿಷ, ಚರ್ಮಕ್ಕೂ ಕೆಟ್ಟದ್ದು. ನಿಕಲ್ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ ಅದ್ದಿದರೆ ಇನ್ನೂ ಅಪಾಯ, ಕ್ರೋಮಿಯಂನ ಕ್ಯಾನ್ಸರ್ ತರುವ ರೂಪ ಹುಟ್ಟಬಹುದು.

ಹಾಗಾದರೆ ಹಿತ್ತಾಳೆ ಪಾತ್ರೆಗೆ ನಮ್ಮಲ್ಲಿ ಏನು ಮಾಡುತ್ತಿದ್ದರು? ಕಲಾಯಿ! ಬೀದಿಯಲ್ಲಿ ತಿದಿ ಇಟ್ಟುಕೊಂಡು ಕೂರುತ್ತಿದ್ದ ಕಲಾಯಿಯವರನ್ನು ನೋಡಿದವರಿಗೆ ನೆನಪಿರುತ್ತದೆ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಗೆ. ತವರ ಕರಗುವುದು 232 ಡಿಗ್ರಿಯಲ್ಲಿ. ಸಣ್ಣ ಗ್ಯಾಸ್ ಟಾರ್ಚ್ ಸಾಕು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್, ಕಾದಾಗ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತಿಂದುಹಾಕುತ್ತದೆ, ತವರ ನೇರ ಹಿತ್ತಾಳೆಗೆ ಹಿಡಿಯುತ್ತದೆ.

ಮಾಡಿದ್ದು ಹೀಗೆ. ಉಜ್ಜಿದ ಸ್ಪೂನನ್ನು ಸೋಪು ನೀರಿನಲ್ಲಿ ತೊಳೆದು ಅಂಚನ್ನು ಮಾತ್ರ ಹಿಡಿದೆ, ಬೆರಳಿನ ಜಿಡ್ಡು ತಾಗಿದ ಕಡೆ ತವರ ಕೂರುವುದಿಲ್ಲ. ನೀರು ಹನಿಹನಿಯಾಗದೆ ಹಾಳೆಯ ಥರ ಹರಡಿಕೊಂಡರೆ ಜಿಡ್ಡು ಹೋಗಿದೆ ಅಂತ ಅರ್ಥ. ಹಿತ್ತಾಳೆಯಾಗಿಯೇ ಉಳಿಯಬೇಕಾದ ಅರ್ಧಕ್ಕೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು ಒಣಗಿಸಿದೆ. ಸುಣ್ಣ ಇರುವ ಕಡೆ ತವರ ಹರಿಯುವುದಿಲ್ಲ. ಇಕ್ಕಳದಲ್ಲಿ ಹಿಡಿದು ಕೆಳಗಿನಿಂದ ಕಾಯಿಸಿದೆ. ನಡುನಡುವೆ ತವರದ ತಂತಿ ಮುಟ್ಟಿಸಿ ನೋಡುವುದು. ಕರಗಿದ ತಕ್ಷಣ ಉರಿ ತೆಗೆದು, ನವಸಾಗರ ಚಿಟಿಕೆ ಉದುರಿಸಿ, ಹತ್ತಿಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದೆ.

ಇದೆಲ್ಲ ಹಿತ್ತಲಲ್ಲೇ ಆಗಬೇಕು. ಬಿಳಿ ಹೊಗೆ ಗಂಟಲು ಹಿಡಿಯುತ್ತದೆ. ತವರ ಶುದ್ಧವಾಗಿರಲಿ, ಎಲೆಕ್ಟ್ರಾನಿಕ್ಸ್‌ನ ಹಳೇ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಉರಿ ಜಾಸ್ತಿಯಾದರೆ ತವರ ಹಳದಿ ಛಾಯೆಗೆ ತಿರುಗುತ್ತದೆ. ಕೊನೆಗೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನವಸಾಗರದ ಶೇಷ ಉಳಿದರೆ ವಾರ ಕಳೆಯುವುದರಲ್ಲಿ ಹಸಿರು ಕಿಲುಬು ಮತ್ತೆ ಹಾಜರು.

ಬಂದ ಮೆರುಗು ಕನ್ನಡಿಯಲ್ಲ, ಮೃದುವಾದ ಬಿಳುಪು. ಒರೆಸಿದ ಗೆರೆಗಳು ಸಣ್ಣಗೆ ಕಾಣುತ್ತವೆ. ನನಗೆ ಬೇಕಾಗಿದ್ದೂ ಅದೇ. ಹಸಿರು ಬಲ್ಬಿನ ಕೆಳಗೆ ಇಟ್ಟಾಗ ಕಲಾಯಿಯ ಭಾಗ ನಿಕಲ್‌ಗಿಂತ ಬಿಳುಪಾಗಿತ್ತು, ಹಿತ್ತಾಳೆಯ ಭಾಗ ಮಿಂಚುತ್ತಿತ್ತು. ತೂಕದ ವ್ಯತ್ಯಾಸ ನನ್ನ ಅಡುಗೆಮನೆಯ ತಕ್ಕಡಿಗೆ ಗೊತ್ತಾಗಲಿಲ್ಲ. ಇನ್ನೊಂದು ಲಾಭ, ಬೆಳ್ಳಿ ಗಂಧಕ ತಾಗಿದರೆ ಕಪ್ಪಾಗುತ್ತದೆ, ತವರ ಹಾಗೆ ಆಗುವುದಿಲ್ಲ. ಕ್ರೋಮ್ ಇದ್ದ ಸ್ಪೂನ್‌ಗಳಿಗೆ ಮಾತ್ರ ಕಲಾಯಿ ಹಿಡಿಯುವುದಿಲ್ಲ. ಕ್ರೋಮ್ ಮೇಲಿನ ಆಕ್ಸೈಡ್ ಪೊರೆ ನವಸಾಗರಕ್ಕೆ ಜಗ್ಗುವುದಿಲ್ಲ.

ಸುತ್ತಿಗೆ

ದಪ್ಪ ಹಿತ್ತಾಳೆಯ ಕೆಲವಕ್ಕೆ ಗುಂಡುತಲೆಯ ಸುತ್ತಿಗೆಯಿಂದ ಏಟು ಹಾಕಿದೆ. ಒಂದು ದೊಡ್ಡ ಕನ್ನಡಿ ಹತ್ತಾರು ಸಣ್ಣ ಕನ್ನಡಿಯಾಗುತ್ತದೆ. ಮಿಂಚು ಚಿಕ್ಕದು, ಆದರೆ ಎಲ್ಲ ದಿಕ್ಕಿಗೂ ಹೋಗುತ್ತದೆ. ಬಿಸಿಲು ಜೋರಾಗಿರುವ ತಿಳಿನೀರಿನಲ್ಲಿ ದೊಡ್ಡ ಮಿಂಚಿಗಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ. ಕೆಳಗೆ ಮರದ ತುಂಡು ಇರಲಿ, ಕಬ್ಬಿಣ ಬೇಡ. ಏಟು ಬಿದ್ದಷ್ಟೂ ಹಿತ್ತಾಳೆ ಹಿಗ್ಗುತ್ತದೆ, ಬಾಗು ಬದಲಾಗುತ್ತದೆ, ಗಟ್ಟಿಯಾಗುತ್ತದೆ. ಆಮೇಲೆ ಕೈಯಲ್ಲಿ ಬಗ್ಗಿಸಿ ಮೊದಲಿನ ಬಾಗಿಗೆ ತರಬೇಕು. ಬಾಗು ಕೆಟ್ಟರೆ ಹೊರಳಾಟ ಕೆಡುತ್ತದೆ, ಹೊರಳಾಟ ಕೆಟ್ಟ ಮೇಲೆ ಮೆರುಗು ತಗೊಂಡು ಏನು ಮಾಡುವುದು?

ಆಳಕ್ಕೆ ಇಳಿಯುವವು

ಉಕ್ಕಿನವು, ನಿಕಲ್ ಸಿಪ್ಪೆ ಬಿಟ್ಟ ಉದ್ದನೆಯವು ಸಮುದ್ರದ ಪಾಲಿಗೆ. ಉಬ್ಬಿದ ಮೈಗೆ ಬಣ್ಣ, ತಗ್ಗಿನ ಮೈ ಲೋಹವಾಗಿಯೇ ಇರಲಿ ಅಂತ ಬಿಟ್ಟೆ. 400 ನಂಬರಿನಲ್ಲಿ ಉಜ್ಜಿ, ಲೋಹಕ್ಕೆ ಕಚ್ಚುವ ಪ್ರೈಮರ್, ಅದರ ಮೇಲೆ ಬಿಳಿ. ಬಿಳಿ ಇಲ್ಲದೆ ಫ್ಲೋರೊಸೆಂಟ್ ಬಣ್ಣ ಕೊಳಕಾಗಿ ಕಾಣುತ್ತದೆ, ಯಾಕೆಂದರೆ ಅದು ಪಾರದರ್ಶಕ. ಬೆನ್ನಿಗೆ ಷಾರ್ಟ್ರೂಸ್, ಪಕ್ಕಕ್ಕೆ ಬಿಳಿ, ನಡುವೆ ಒಂದು ಕಪ್ಪು ಗೆರೆ. ಇಷ್ಟೇ.

ನೀಲಿ ಬಲ್ಬಿನ ಕೆಳಗೆ ಷಾರ್ಟ್ರೂಸ್ ಹಸಿರಾಗಿ ಉರಿಯುತ್ತಿತ್ತು. ನೀಲಿಯನ್ನು ನುಂಗಿ ಹಸಿರನ್ನು ಉಗುಳುವುದು ಅದರ ಕೆಲಸ. ಹಸಿರು ಬಲ್ಬಿನಲ್ಲಿ ಫ್ಲೋರೊಸೆಂಟ್ ಕಿತ್ತಳೆಯೂ ಕಿತ್ತಳೆಯಾಗಿಯೇ ಕಂಡಿತು, ಮಾಮೂಲಿ ಕೆಂಪು ಕಪ್ಪಾಗಿತ್ತು. ಆಳದಲ್ಲಿ ಬಣ್ಣ ಬೇಕು ಅಂದರೆ ಫ್ಲೋರೊಸೆಂಟೇ ದಾರಿ.

‘ಯುವಿ’ ಅಂತ ಮಾರುವ ಸ್ಪೂನ್‌ಗಳ ಮೇಲೆ ಯುವಿ ಟಾರ್ಚ್ ಬಿಟ್ಟು ನೋಡಿ. ನಾನು ನೋಡಿದವೆಲ್ಲ ಯುವಿಯನ್ನು ಕಾಣುವ ಬೆಳಕಾಗಿ ಬದಲಾಯಿಸುವ ಫ್ಲೋರೊಸೆಂಟ್ ಬಣ್ಣಗಳೇ. ಸಾಲ್ಮನ್ ಮರಿಗೆ ಯುವಿ ಕಾಣುತ್ತದೆ ಅನ್ನುವುದು ನಿಜ, ಆದರೆ ಬೆಳೆಯುತ್ತಾ ಆ ಶಕ್ತಿ ಹೆಚ್ಚಿನಂಶ ಹೋಗುತ್ತದೆ. ಆ ಎರಡಕ್ಷರಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಕಾಣಲಿಲ್ಲ.

ಕತ್ತಲಲ್ಲಿ ಹೊಳೆಯುವ ಪುಡಿಗೆ ದುಡ್ಡು ಕೊಡಿ. ಹಳೆಯದು ಸತುವಿನ ಸಲ್ಫೈಡ್, ಬೇಗ ಆರುತ್ತದೆ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ತಂದ ಸ್ಟ್ರಾಂಷಿಯಂ ಅಲ್ಯುಮಿನೇಟ್ ಅದಕ್ಕಿಂತ ಎಷ್ಟೋ ಪಟ್ಟು ಪ್ರಕಾಶ, ಎಷ್ಟೋ ಪಟ್ಟು ಹೊತ್ತು. ಬೆಳಗಿನ ಜಾವ, ಬೆಳಕು ಹರಿಯುವ ಮುಂಚೆ 40 ಮೀಟರ್ ಕೆಳಗೆ ಇದು ಬಿಟ್ಟು ಬೇರೆ ಮೆರುಗಿಗೆ ಕೆಲಸವೇ ಇಲ್ಲ. ಒಂದು ಎಚ್ಚರಿಕೆ ಇದೆ. ಈ ಪುಡಿ ನೀರು ತಾಗಿದರೆ ನಿಧಾನವಾಗಿ ಕೆಡುತ್ತದೆ. ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಕಲಸಿ ಬಳಿದು, ಮೇಲೆ ಇನ್ನೊಂದು ಪದರ ಬರೀ ಎಪಾಕ್ಸಿ ಹಾಕಿ ಅಂಚುಗಳನ್ನೂ ಮುಚ್ಚಬೇಕು. ಪುಡಿ ಭಾರ, ಬಟ್ಟಲಿನ ತಳಕ್ಕೆ ಕೂರುತ್ತದೆ. ಆಗಾಗ ಕಲಕುತ್ತಿರಿ. ಎಪಾಕ್ಸಿ ಗಟ್ಟಿಯಾಗುವವರೆಗೆ ಸ್ಪೂನ್‌ಗಳನ್ನು ತಿರುಗಿಸುತ್ತಿರಬೇಕು, ಇಲ್ಲವಾದರೆ ಒಂದು ಕಡೆ ಇಳಿದು ಗುಳ್ಳೆ ಕಟ್ಟುತ್ತದೆ. ನಾನು ನಿಧಾನಕ್ಕೆ ತಿರುಗುವ ಸಣ್ಣ ಮೋಟಾರಿಗೆ ಕ್ಲಿಪ್ ಹಾಕಿ ಬಿಟ್ಟೆ.

ಎಪಾಕ್ಸಿ, ಬಣ್ಣ ಎರಡೂ ಸೇರಿದರೆ ತೂಕ ಏರುತ್ತದೆ, ತೆಳು ಸ್ಪೂನ್‌ಗಳ ಹೊರಳಾಟ ಮಂದವಾಗುತ್ತದೆ. ತೆಳುವಿನವಕ್ಕೆ ಬಣ್ಣ ಹಚ್ಚದೆ ಹೊಳೆಯುವ ಅಂಟುಪಟ್ಟಿ ಒಂದೇ ಅಂಟಿಸಿದೆ.

ಕೊಕ್ಕೆ, ಮತ್ತೆ ನೀರು

ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಒಂಟಿ ಕೊಕ್ಕೆಯೇ ಆಗಬೇಕು. ಅಲ್ಲಿನ ಚಿನೂಕ್ 1999ರಿಂದ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಮರಿ ಬೆಳೆಸಿ ಬಿಡುವ ಕೇಂದ್ರದ ಮೀನಿಗೆ ಗುರುತಿಗಾಗಿ ಬೆನ್ನಿನ ಹಿಂಬದಿಯ ಸಣ್ಣ ರೆಕ್ಕೆ ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ, ಅಂದರೆ ನದಿಯಲ್ಲೇ ಹುಟ್ಟಿದ ಮೀನಾದರೆ, ಸಾಮಾನ್ಯವಾಗಿ ಬಿಡಬೇಕು, ಬಿಡುವುದು ಸುಲಭವಾಗಬೇಕು. ನದಿಗಳಲ್ಲಿ ಜಾಗಕ್ಕೊಂದು, ವರ್ಷಕ್ಕೊಂದು ನಿಯಮ, ನೋಡಿಕೊಂಡೇ ಹೋಗಿ. ಪೆಟ್ಟಿಗೆಯ ಸ್ಪೂನ್‌ಗಳಿಗೆ ಮುಂಚೆ ಮೂರು ಬಾಯಿಯ ಕೊಕ್ಕೆ ಇತ್ತು. ಅದರ ಬದಲು ಸಿವಾಶ್ ಅನ್ನುವ, ಉದ್ದ ಕಡ್ಡಿಯ ಒಂಟಿ ಕೊಕ್ಕೆ ಹಾಕಿದೆ. ತೂಕ ಹಳೇ ಕೊಕ್ಕೆಗೆ ಹತ್ತಿರ ಇರಬೇಕು. ಹಿಂಬದಿ ಹಗುರವಾದರೆ ಸ್ಪೂನ್ ಹೊರಳುವ ಬದಲು ಸುಮ್ಮನೆ ಗಿರಗಿರ ತಿರುಗಿ ದಾರಕ್ಕೆ ಮುರಿ ಹಾಕುತ್ತದೆ.

ನದಿಯಲ್ಲಿ ಅರ್ಧ ಕಲಾಯಿಯದ್ದು ಚೆನ್ನಾಗಿ ನಡೆಯಿತು. ಮೇಲೆ ಸಣ್ಣ ಭಾರ ಕಟ್ಟಿ, ನಾಲ್ಕೈದು ಅಡಿ ದಾರ ಬಿಟ್ಟು, ಹರಿವಿಗೆ ಅಡ್ಡ ಎಸೆದು ತೇಲಿಬಿಡುವುದು. ಮೊಟ್ಟೆ ಇಡಲು ನದಿ ಹತ್ತಿದ ಕೋಹೋ ಊಟ ಬಿಟ್ಟಿರುತ್ತದೆ, ಸಿಟ್ಟಿಗೋ ಅಭ್ಯಾಸಕ್ಕೋ ಕಚ್ಚುತ್ತದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, ಇದು ಯಾವ ಕಂಪನಿಯದ್ದು ಅಂತ ಕೇಳಿದರು. ಹುಣಸೆಹಣ್ಣು, ನವಸಾಗರ ಅಂತ ವಿವರಿಸುವಷ್ಟರಲ್ಲಿ ಅವರ ದಾರ ಜಗ್ಗಿತು. ಅವರ ಸ್ಪೂನ್ ಅಂಗಡಿಯ ಮಾಮೂಲಿ ನಿಕಲ್. ಹರಿವಿನ ಸರಿಯಾದ ಗೆರೆಯಲ್ಲಿ, ಸರಿಯಾದ ನಿಧಾನದಲ್ಲಿ ಅವರ ಸ್ಪೂನ್ ಹೋಗುತ್ತಿತ್ತು. ಮೆರುಗಿನ ಲೆಕ್ಕ ಬರುವುದು ಆಳ, ವೇಗ ಎರಡೂ ಸರಿಯಾದ ಮೇಲೆ.

ಪುಯಾಲಪ್ ನದಿಯಲ್ಲಿ ಇದು ಯಾವುದೂ ನಡೆಯುವುದಿಲ್ಲ. ಆ ನೀರು ರೈನಿಯರ್ ಪರ್ವತದ ಹಿಮನದಿಗಳಿಂದ ಬರುತ್ತದೆ, ಬೇಸಿಗೆಯಲ್ಲಿ ಬಂಡೆಯ ಹಿಟ್ಟು ಕದಡಿ ಬೂದಿ ಬಣ್ಣಕ್ಕಿರುತ್ತದೆ. ಕನ್ನಡಿಗೆ ಬೆಳಕೇ ಸಿಗದು. ಪಿಂಕ್ ಸಾಲ್ಮನ್ ಬರುವ ವರ್ಷಗಳಲ್ಲಿ ಅಲ್ಲಿ ಎಲ್ಲರ ದಾರದಲ್ಲೂ ಕಡುಗುಲಾಬಿ. ಉಳಿದಿದ್ದ ಉಕ್ಕಿನ ಸ್ಪೂನ್‌ಗಳಿಗೆ ಎರಡೂ ಮೈಗೆ ಬಿಳಿ ಹಾಕಿ ಮೇಲೆ ಫ್ಲೋರೊಸೆಂಟ್ ಗುಲಾಬಿ ಬಳಿದಿಟ್ಟಿದ್ದೇನೆ. ಬಿಸಿಲಿನಲ್ಲಿ ಆ ಬಣ್ಣ ಬೇಗ ಮಾಸುತ್ತದೆ, ಮುಚ್ಚಿದ ಡಬ್ಬಿಯಲ್ಲೇ ಇರಲಿ.

ತಾಮ್ರದ ಎರಡು ಸ್ಪೂನ್‌ಗಳಲ್ಲಿ ಒಂದನ್ನು ಉಜ್ಜಿ ಲ್ಯಾಕರ್ ಹೊಡೆದೆ, ಇನ್ನೊಂದನ್ನು ಕಿಲುಬು ಸಮೇತ ಹಾಗೇ ಬಿಟ್ಟೆ. ನೀರು ತಿಳಿಯಾಗಿ, ತಗ್ಗಾಗಿ, ಬಿಸಿಲು ಚುರುಗುಟ್ಟುವಾಗ ಮೀನು ಹೊಳೆಯುವುದನ್ನು ಕಂಡರೆ ದೂರ ಸರಿಯುತ್ತದೆ. ಆಗ ಕಟ್ಟುವುದು ಕಿಲುಬಿನದ್ದನ್ನೇ. ಸಮುದ್ರಕ್ಕೆ ಹೋಗಿ ಬಂದವನ್ನೆಲ್ಲ ಅದೇ ಸಂಜೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಒಂದಕ್ಕೊಂದು ತಾಗದ ಹಾಗೆ ಇಡುತ್ತೇನೆ. ಕ್ರೋಮ್‌ನವು ಇನ್ನೂ ಬಾಕಿ. ಅವುಗಳ ಒಂದು ಮೈಗೆ ಬಿಳಿ ಅಂಟುಪಟ್ಟಿ ಸಾಕಾಗುತ್ತದೆ, ಚಿನೂಕ್ ಶುರುವಾಗುವ ಮುಂಚೆ ಮುಗಿಸಬೇಕು.